ಸ್ತನಭಾರದ ಬಾಧೆ: ಶಸ್ತ್ರಚಿಕಿತ್ಸೆಯ ವಿಧಾನಗಳು ಮತ್ತು ಫಲ



ಕುತ್ತಿಗೆ, ಬೆನ್ನು, ಭುಜಗಳ ನೋವೆಂದು ನಮ್ಮ ಬಳಿಗೆ ಬರುವ ತಾಯಂದಿರಲ್ಲಿ ಕೆಲವರಿಗೆ ನೋವಿನ ಮೂಲವಿರುವುದು ಎದೆಯ ಅತಿಭಾರದಲ್ಲಿ. ಸಂಕೋಚದಿಂದ ಅದನ್ನು ಹೇಳಿಕೊಳ್ಳದೆ ಅವರು ವರ್ಷಗಟ್ಟಲೆ ನೋವಿನ ಗುಳಿಗೆ ನುಂಗುತ್ತಾರೆ. ಒಳಉಡುಪಿನ ಪಟ್ಟಿ ಒತ್ತಿ ಭುಜದಲ್ಲಿ ಮೂಡಿದ ತಗ್ಗು, ಸ್ತನದ ಕೆಳಮಡಿಕೆಯಲ್ಲಿ ಬೆವರು ನಿಂತು ಮರುಕಳಿಸುವ ತುರಿಕೆ ಹಾಗೂ ಹುಣ್ಣು, ಬಾಗಿದ ನಿಲುವು ಇದರ ಲಕ್ಷಣಗಳು.

ಔಷಧದ ಮಿತಿ

ಸ್ತನದಲ್ಲಿ ಮೇದಸ್ಸಿನ ಜೊತೆಗೆ ಗ್ರಂಥಿಯೂ ಇರುವುದರಿಂದ ದೇಹದ ತೂಕ ಇಳಿಸಿದರೂ ಎಲ್ಲರಿಗೂ ಸಾಕಷ್ಟು ಗುಣ ಕಾಣದು. ಸ್ತನವನ್ನು ಕರಗಿಸುತ್ತದೆಂದು ಮಾರುವ ಲೇಪ, ತೈಲ, ಚೂರ್ಣಗಳನ್ನು ನಂಬಬಾರದು. ಆಯುರ್ವೇದದವರಾದ ನಾವೇ ಇದನ್ನು ಸ್ಪಷ್ಟವಾಗಿ ಹೇಳಬೇಕು. ಶಸ್ತ್ರಸಾಧ್ಯ ವ್ಯಾಧಿಗಳನ್ನು ಸುಶ್ರುತಾಚಾರ್ಯರು ಬೇರೆಯಾಗಿಯೇ ಗುರುತಿಸಿದ್ದಾರೆ.

ವಿಧಾನಗಳು

ಹೆಚ್ಚಿನ ಅಂಗಾಂಶವನ್ನೂ ಚರ್ಮವನ್ನೂ ತೆಗೆದು, ಸ್ತನಾಗ್ರವನ್ನು ಮೇಲಕ್ಕೆ ಕೂಡಿಸುವುದು ಈ ಶಸ್ತ್ರಕ್ರಿಯೆಯ ತಿರುಳು. ರಕ್ತನಾಳ ಮತ್ತು ನರಗಳಿರುವ ಅಂಗಾಂಶದ ಒಂದು ಪಟ್ಟಿಗೆ ಸ್ತನಾಗ್ರವನ್ನು ಅಂಟಿಸಿಯೇ ಉಳಿಸಿಕೊಳ್ಳುತ್ತಾರೆ.

1. ಲಂಗರಿನಾಕಾರದ ಛೇದನ: ಸ್ತನಾಗ್ರದ ಸುತ್ತ, ಅಲ್ಲಿಂದ ನೇರ ಕೆಳಗೆ, ಬಳಿಕ ಕೆಳಮಡಿಕೆಯುದ್ದಕ್ಕೂ ಗಾಯವಿರುತ್ತದೆ. 1956ರಲ್ಲಿ ರಾಬರ್ಟ್ ವೈಸ್ ಪ್ರಕಟಿಸಿದ ಮಾದರಿ ಇದರ ಆಧಾರ. ಹೆಚ್ಚು ಭಾರವಿದ್ದವರಿಗೆ ಇದು ಒಪ್ಪುತ್ತದೆ.

2. ಲಂಬ ಛೇದನ: ಕೆಳಮಡಿಕೆಯ ಉದ್ದನೆಯ ಗಾಯವಿರುವುದಿಲ್ಲ, ಕಲೆ ಕಡಿಮೆ. ಸಾಧಾರಣ ಭಾರಕ್ಕೆ ಸೂಕ್ತ.

3. ಸ್ತನಾಗ್ರದ ಕಸಿ: ಭಾರ ವಿಪರೀತವಾಗಿದ್ದಾಗ ಸ್ತನಾಗ್ರವನ್ನು ಬೇರ್ಪಡಿಸಿ ಮರಳಿ ಕೂಡಿಸುತ್ತಾರೆ. ಇದರಿಂದ ಹಾಲೂಡಿಸುವ ಶಕ್ತಿ ಹೋಗುತ್ತದೆ. ಸ್ಪರ್ಶಜ್ಞಾನವೂ ಬಹುಮಟ್ಟಿಗೆ ಕುಂದುತ್ತದೆ.

4. ಕೊಬ್ಬು ಹೀರುವಿಕೆ: ಕಲೆ ಅತ್ಯಲ್ಪ, ಆದರೆ ಜೋತುಬಿದ್ದ ಚರ್ಮವನ್ನು ಇದು ಸರಿಪಡಿಸದು.

ಫಲ ಮತ್ತು ಅಪಾಯ

ಬಹುತೇಕ ಮಹಿಳೆಯರಿಗೆ ಕುತ್ತಿಗೆ, ಭುಜಗಳ ನೋವು ಗಣನೀಯವಾಗಿ ಇಳಿಯುತ್ತದೆ. ನಡಿಗೆ, ವ್ಯಾಯಾಮ ಸುಲಭವಾಗುತ್ತವೆ. ಆದರೆ ಗಾಯಗಳು ಕೂಡುವೆಡೆ ಮಾಯಲು ತಡವಾಗುವುದುಂಟು. ರಕ್ತ ಕಟ್ಟುವುದು, ಸೋಂಕು, ಎರಡು ಬದಿಯ ಅಸಮತೆ, ಸ್ಪರ್ಶಜ್ಞಾನದಲ್ಲಿ ವ್ಯತ್ಯಾಸ ಸಂಭವಿಸಬಹುದು. ಅಪರೂಪಕ್ಕೆ ಸ್ತನಾಗ್ರಕ್ಕೆ ರಕ್ತ ಸಾಲದೆ ಅದು ಹಾಳಾಗಬಹುದು. ಹೊಗೆಸೊಪ್ಪು, ಹತೋಟಿಯಲ್ಲಿಲ್ಲದ ಮಧುಮೇಹ, ಅತಿಸ್ಥೌಲ್ಯ ಈ ಅಪಾಯಗಳನ್ನು ಹೆಚ್ಚಿಸುತ್ತವೆ. ಕಲೆ ತಿಂಗಳುಗಳು ಕಳೆದಂತೆ ಮಾಸುತ್ತದೆ, ಪೂರ್ತಿ ಅಳಿಯದು. ಎದೆಹಾಲಿನ ಪ್ರಮಾಣ ಕುಗ್ಗಬಹುದಾದ್ದರಿಂದ ಮಕ್ಕಳನ್ನು ಬಯಸುವವರು ಇದನ್ನು ಮೊದಲೇ ಯೋಚಿಸಬೇಕು. ಗರ್ಭಧಾರಣೆ ಅಥವಾ ತೂಕದ ಹೆಚ್ಚಳದಿಂದ ಗಾತ್ರ ಮತ್ತೆ ಬೆಳೆಯಲೂಬಹುದು. ಹದಿಹರೆಯದವರಲ್ಲಿ ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುವವರೆಗೆ ಕಾಯುವುದು ಲೇಸು.

ಗಮನಿಸಬೇಕಾದ ಸಂಗತಿಗಳು

ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಪಡೆದ ತಜ್ಞರನ್ನೇ ಕಾಣಿರಿ. ಯಾವ ವಿಧಾನ, ಏಕೆ, ಕಲೆ ಎಲ್ಲಿ, ಖರ್ಚೆಷ್ಟು ಎಂದು ಕೇಳಿರಿ. 40 ದಾಟಿದವರಿಗೆ ಮೊದಲು ಮ್ಯಾಮೊಗ್ರಾಮ್ ಮಾಡಿಸುವುದು ರೂಢಿ. ತೆಗೆದ ಅಂಗಾಂಶವನ್ನೂ ಪರೀಕ್ಷೆಗೆ ಕಳಿಸುತ್ತಾರೆ. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಆಯುರ್ವೇದದವು ಸೇರಿ, ವೈದ್ಯರಿಗೆ ತಿಳಿಸಿರಿ. ಬೆಳ್ಳುಳ್ಳಿಯ ಗುಳಿಗೆಯಂಥವು ರಕ್ತಸ್ರಾವ ಹೆಚ್ಚಿಸಬಲ್ಲವು. ಶಸ್ತ್ರಕ್ರಿಯೆಯ ವೇಳೆ ಕೊರಳಲ್ಲಿ ಏನನ್ನೂ ಧರಿಸಲು ಬಿಡುವುದಿಲ್ಲವಾದ್ದರಿಂದ ಇಷ್ಟಲಿಂಗದ ಬಗೆಗೆ ಪೂಜ್ಯರ ಮಾರ್ಗದರ್ಶನವನ್ನು ಮುಂಚಿತವಾಗಿ ಪಡೆಯಿರಿ. ಎರಡು ಮೂರು ವಾರಗಳಲ್ಲಿ ಹಗುರ ಕೆಲಸಕ್ಕೆ ಮರಳಬಹುದು. ಸುಮಾರು 6 ವಾರ ಕೊಡ ಎತ್ತುವುದು, ಭಾರ ಹೊರುವುದು ಬೇಡ.

ಕೊನೆಯದಾಗಿ ಮನೆಯವರಿಗೊಂದು ಮಾತು. ಈ ಚಿಕಿತ್ಸೆಯನ್ನು ಬಯಸುವ ಸೊಸೆಯನ್ನಾಗಲಿ ಮಗಳನ್ನಾಗಲಿ ಶೋಕಿಯೆಂದು ಹೀಗಳೆಯದಿರಿ. ಅವಳು ಕೇಳುತ್ತಿರುವುದು ಅಲಂಕಾರವನ್ನಲ್ಲ, ನೆಟ್ಟಗೆ ನಿಂತು ತನ್ನ ಕಾಯಕ ಮಾಡುವ ಬಲವನ್ನು.