ಚಿನ್ನದ ಬಣ್ಣದ ಡ್ರಿಲ್: ಬೆಲೆ ಬೇರೆ, ವೆಚ್ಚ ಬೇರೆ

ನಮ್ಮ ಅಬ್ಬಾಗೆ ಒಂದು ಸಣ್ಣ ವರ್ಕ್‌ಶಾಪ್ ಇದೆ. ಪ್ರತಿ ಭಾನುವಾರ ಅದರ ಖರ್ಚಿನ ಪುಸ್ತಕ ಬರೆಯುವುದು ನನ್ನ ಕೆಲಸ. ಕಳೆದ ರಜೆಯಲ್ಲಿ ಒಂದು ಬಿಲ್ ನೋಡಿ ನನಗೆ ಸಿಟ್ಟು ಬಂತು. ಸಾಮಾನ್ಯ ಡ್ರಿಲ್ ಬಿಟ್‌ನ ಎರಡರಷ್ಟು ಬೆಲೆ ಕೊಟ್ಟು ಚಿನ್ನದ ಬಣ್ಣದ ಬಿಟ್‌ಗಳನ್ನು ತಂದಿದ್ದರು. "ಬಣ್ಣಕ್ಕೆ ಇಷ್ಟು ದುಡ್ಡಾ?" ಎಂದು ಕೇಳಿ, ಆ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ‘ಅನಗತ್ಯ ಖರ್ಚು’ ಎಂದು ಬರೆದೆ. ಅಬ್ಬಾ ಬೈಯಲಿಲ್ಲ. "ಪೆಹಲೇ ಸಮಝೋ, ಫಿರ್ ಲಿಖೋ" ಅಂದರು. ಮೊದಲು ತಿಳಿದುಕೋ, ಆಮೇಲೆ ಬರೆ ಎಂದು ಅರ್ಥ. ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಅದು ಬಣ್ಣವಲ್ಲ, ಚಿನ್ನವೂ ಅಲ್ಲ. ಅದರ ಹೆಸರು ಟೈಟಾನಿಯಂ ನೈಟ್ರೈಡ್. ಟೈಟಾನಿಯಂ ಲೋಹ ಮತ್ತು ನೈಟ್ರೋಜನ್ ಅನಿಲ ಸೇರಿ ಆಗುವ ಗಟ್ಟಿ ವಸ್ತು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಇರುವುದು ಇದೇ ನೈಟ್ರೋಜನ್. ಡ್ರಿಲ್ ಮೇಲಿನ ಪದರದ ದಪ್ಪ ಸುಮಾರು 2ರಿಂದ 4 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಒಂದು ಮೈಕ್ರಾನ್. ನಮ್ಮ ತಲೆಗೂದಲು ಕೂಡ ಈ ಪದರಕ್ಕಿಂತ ಹತ್ತಾರು ಪಟ್ಟು ದಪ್ಪ.

ಇಷ್ಟು ತೆಳುವಾದ ಪದರ ಏನು ಮಾಡೀತು? ಗಡಸುತನ ಅಳೆಯುವ ವಿಕರ್ಸ್ ಮಾಪನದಲ್ಲಿ ಡ್ರಿಲ್ ಮಾಡುವ ಹೈಸ್ಪೀಡ್ ಉಕ್ಕಿಗೆ ಸುಮಾರು 850 ಬಂದರೆ, ಟೈಟಾನಿಯಂ ನೈಟ್ರೈಡ್‌ಗೆ ಸುಮಾರು 2300 ಬರುತ್ತದೆ. ಆದ್ದರಿಂದ ಬಿಟ್‌ನ ಅಂಚು ನಿಧಾನವಾಗಿ ಸವೆಯುತ್ತದೆ. ಘರ್ಷಣೆ ಕಡಿಮೆಯಾಗುತ್ತದೆ, ಕೊರೆದು ಬರುವ ಲೋಹದ ಚೂರು ಅಂಚಿಗೆ ಅಂಟಿಕೊಳ್ಳದೆ ಜಾರಿ ಹೋಗುತ್ತದೆ.

ಈ ಪದರವನ್ನು ಬ್ರಷ್‌ನಿಂದ ಬಳಿಯಲು ಆಗುವುದಿಲ್ಲ. ಬಿಟ್‌ಗಳನ್ನು ಚೆನ್ನಾಗಿ ತೊಳೆದು ಒಂದು ಪೆಟ್ಟಿಗೆಯಲ್ಲಿಟ್ಟು, ಒಳಗಿನ ಗಾಳಿಯನ್ನೆಲ್ಲ ಹೊರತೆಗೆಯುತ್ತಾರೆ. ವಿದ್ಯುತ್ ಕಿಡಿಯಿಂದ ಟೈಟಾನಿಯಂ ಗಟ್ಟಿಯನ್ನು ಆವಿ ಮಾಡಿ, ಸ್ವಲ್ಪ ನೈಟ್ರೋಜನ್ ಬಿಡುತ್ತಾರೆ. ಎರಡೂ ಸೇರಿ ಬಿಟ್ ಮೇಲೆ ಕಣಕಣವಾಗಿ ಕೂರುತ್ತವೆ. ಇದಕ್ಕೆ ಪಿವಿಡಿ ಎನ್ನುತ್ತಾರೆ. ಸಿವಿಡಿ ಎಂಬ ಹಳೆಯ ವಿಧಾನಕ್ಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಿತ್ತು. ಅದನ್ನು ಕಾರ್ಬೈಡ್ ತಡೆದುಕೊಳ್ಳುತ್ತದೆ, ಹೈಸ್ಪೀಡ್ ಉಕ್ಕು ಹದ ಕಳೆದುಕೊಳ್ಳುತ್ತದೆ. ಪಿವಿಡಿ 500 ಡಿಗ್ರಿಯ ಒಳಗೇ ಮುಗಿಯುವುದರಿಂದ 1980ರ ಸುಮಾರಿಗೆ ಚಿನ್ನದ ಬಣ್ಣದ ಡ್ರಿಲ್‌ಗಳು ಮಾರುಕಟ್ಟೆಗೆ ಬಂದವು. ಇನ್ನೂ ಹೆಚ್ಚು ಬಿಸಿಯಾಗುವ ಕೆಲಸಕ್ಕೆ ಅಲ್ಯೂಮಿನಿಯಂ ಸೇರಿಸಿದ, ಕಪ್ಪು ನೇರಳೆ ಬಣ್ಣದ ಲೇಪನವೂ ಇದೆ.

ಈಗ ನಮ್ಮ ವಿಷಯಕ್ಕೆ, ಅಂದರೆ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು ನಾನೇ ಅಂಕಿಗಳನ್ನು ಊಹಿಸಿಕೊಂಡಿದ್ದೇನೆ. ಸಾಮಾನ್ಯ ಬಿಟ್ ₹120, 100 ತೂತು ಕೊರೆಯುತ್ತದೆ. ಲೇಪನದ ಬಿಟ್ ₹240, 300 ತೂತು ಕೊರೆಯುತ್ತದೆ. ಪ್ರತಿ ಸಲ ಬಿಟ್ ಹಾಕಲು ಮೆಷಿನ್ 5 ನಿಮಿಷ ನಿಲ್ಲುತ್ತದೆ. ಮೆಷಿನ್ನಿನ ಒಂದು ಗಂಟೆಗೆ ₹300 ಹಿಡಿದರೆ ಆ ನಷ್ಟ ₹25. ಸಾಣೆಯ ಖರ್ಚನ್ನು ಎರಡಕ್ಕೂ ಬಿಟ್ಟಿದ್ದೇನೆ.

300 ತೂತಿಗೆ ಸಾಮಾನ್ಯ ಬಿಟ್ ಮೂರು ಬೇಕು: 360 + 75 = ₹435. ಲೇಪನದ ಬಿಟ್ ಒಂದೇ ಸಾಕು: 240 + 25 = ₹265. ಪ್ರತಿ ತೂತಿಗೆ ಒಂದು ಕಡೆ ₹1.45, ಇನ್ನೊಂದು ಕಡೆ ಸುಮಾರು 88 ಪೈಸೆ. ನಾನು ನೋಡಿದ್ದು ಬೆಲೆಯನ್ನು, ಅಬ್ಬಾ ನೋಡಿದ್ದು ವೆಚ್ಚವನ್ನು.

ಹಾಗೆಂದು ಯಾವಾಗಲೂ ದುಬಾರಿಯದೇ ಒಳ್ಳೆಯದು ಎಂದಲ್ಲ. ಬರೀ 50 ತೂತಿನ ಕೆಲಸ ಬಂದು, ಆಮೇಲೆ ಆ ಬಿಟ್ ಪೆಟ್ಟಿಗೆಯಲ್ಲೇ ಉಳಿದರೆ, ಸಾಮಾನ್ಯ ಬಿಟ್‌ಗೆ ತೂತಿಗೆ ₹2.90, ಲೇಪನದ ಬಿಟ್‌ಗೆ ₹5.30 ಬೀಳುತ್ತದೆ. ಸಾಣೆ ಹಿಡಿದಾಗ ತುದಿಯ ಲೇಪನ ಹೋಗುತ್ತದೆ, ಸುರುಳಿ ಕಾಲುವೆಯಲ್ಲಿ ಮಾತ್ರ ಉಳಿಯುತ್ತದೆ. ಒಳಗಿನ ಉಕ್ಕೇ ಮೆದುವಾಗಿದ್ದರೆ ಮೇಲಿನ ಪದರ ಮೊಟ್ಟೆಯ ಚಿಪ್ಪಿನಂತೆ ಒಡೆಯುತ್ತದೆ. ಚಿನ್ನದ ಬಣ್ಣ ಕಂಡ ಮಾತ್ರಕ್ಕೆ ಮೋಸಹೋಗಬಾರದು.

ಕೆಂಪು ಅಕ್ಷರವನ್ನು ನಾನೇ ಹೊಡೆದುಹಾಕಿದೆ. ಪುಸ್ತಕದಲ್ಲಿ ‘ಎಷ್ಟು ತೂತು’ ಎಂಬ ಹೊಸ ಕಾಲಂ ಎಳೆದೆ. ಈಗ ಅಬ್ಬಾ ಮೆಷಿನ್ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಾರೆ, ಭಾನುವಾರ ನಾನು ಎಣಿಸಿ ಬರೆಯುತ್ತೇನೆ. ಊಹೆಯ ಅಂಕಿಗಳ ಜಾಗಕ್ಕೆ ನಮ್ಮದೇ ನಿಜವಾದ ಅಂಕಿಗಳು ಬರುತ್ತಿವೆ. ಗೆಳೆಯರೇ, ನಿಮ್ಮ ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಒಂದು ವಸ್ತು ದುಬಾರಿ ಅನಿಸಿದರೆ, ಅದು ಎಷ್ಟು ಕೆಲಸ ಮಾಡಿತು ಎಂದು ಮೊದಲು ಎಣಿಸಿ. ಕೆಂಪು ಪೆನ್ನು ಆಮೇಲೆ ತೆಗೆಯಿರಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ