ಬಿಟ್ಟಿ ದುಡ್ಡಲ್ಲ, ನಿಮ್ಮದೇ ಕಂತು

ನರಸಾಪುರದ ಕಾರ್ಖಾನೆ ಬಸ್ ಹತ್ತುತ್ತಿದ್ದವರು ಕೆಲಸ ಹೋಗಿ ಕ್ಯಾಲನೂರಿನ ಮನೆಯಲ್ಲಿ ಕೂತರೆ ನೆಂಟರ ಬಾಯಿ ಸುಮ್ಮನಿರುವುದಿಲ್ಲ. "ಸರ್ಕಾರದ ಬಿಟ್ಟಿ ದುಡ್ಡಿಗೆ ಕೈ ಚಾಚ್ತೀಯೇನೋ?" ಎಂದು ಚಿಕ್ಕಪ್ಪ ಕೇಳಿದರೆ ಹಳೇ ಸಂಬಳದ ಚೀಟಿ ತೋರಿಸಿ. 2019ರ ಜುಲೈಯಿಂದ ಇಎಸ್‌ಐ ವಿಮೆಗೆ ಕಾರ್ಮಿಕರ ಸಂಬಳದಿಂದ ಶೇ 0.75 ಕಡಿತ, ಮಾಲೀಕರ ಪಾಲು ಶೇ 3.25. ಕೆಲಸ ಹೋದವರಿಗೆ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಆ ವಿಮೆಯದೇ: ಅರ್ಹರಿಗೆ ಸರಾಸರಿ ದಿನಗೂಲಿಯ ಅರ್ಧ, ಗರಿಷ್ಠ 90 ದಿನ, ಜೀವನದಲ್ಲಿ ಒಮ್ಮೆ. ಅದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಇಎಸ್‌ಐ ಶಾಖಾ ಕಚೇರಿಯಲ್ಲಿ ಮೊದಲು ವಿಚಾರಿಸಿ. ಆಧಾರ್, ಪಾಸ್‌ಬುಕ್ ಜೊತೆಗಿರಲಿ.

ಕೆಲಸ ಹೋದದ್ದನ್ನು ಅಮ್ಮನಿಗೆ ಮಾತ್ರ ಮೊದಲ ದಿನವೇ ಹೇಳಿಬಿಡಿ. ಊಟದ ಡಬ್ಬಿ ಕಟ್ಟಿಸಿಕೊಂಡು ಹೋಗಿ ಬಸ್‌ ನಿಲ್ದಾಣದಲ್ಲಿ ಹೊತ್ತು ಕಳೆಯುವ ಸಂಕಟ ನಿಮಗೆ ಬೇಡ.