ನಾಲ್ಕು ನೌಕರಿ, ಒಂದು ರೋಡ್‌ಕಿಂಗ್

ಯೆಜ್ಡಿ ರೋಡ್‌ಕಿಂಗ್ ಒಂದು ಸಿಲಿಂಡರಿನ, ಎರಡು ಸೈಲೆನ್ಸರಿನ ಟೂ ಸ್ಟ್ರೋಕ್ ಬೈಕು. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 75 ಮಿ.ಮೀ.; ಲೆಕ್ಕ ಹಾಕಿದರೆ 250 ಸಿಸಿಗೆ ಕೂದಲೆಳೆಯಷ್ಟು ಕಡಿಮೆ. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಎಡಗಾಲಿಗೆ ಸಿಗುವುದು ಒಂದೇ ಲಿವರ್. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕ್ ಕಂಪನಿಯ ಜಾವಾ ಬೈಕುಗಳನ್ನು ತಯಾರಿಸಲು ತೊಡಗಿತು. 1973ರಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗಿಳಿಯಿತಾದರೂ ಅದು ಫೋರ್ ಸ್ಟ್ರೋಕ್ ಗಾಡಿ. ಹಳೆಯದರ ಪಿಸ್ಟನ್ನಿಗೂ ರಿಂಗಿಗೂ ಅದರಿಂದ ಉಪಕಾರವಿಲ್ಲ.

ಈ ಜಾತಿಯ ಬೈಕು ಮಾಲೀಕನಿಂದ ದುಡ್ಡಿಗಿಂತ ಹೆಚ್ಚಾಗಿ ಕೇಳುವುದು ಅವನು ಪಕ್ಕದಲ್ಲಿರಬೇಕು ಎಂಬುದನ್ನು. ಟೂ ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ನಿಗೆ ಬೇರೆ ಆಯಿಲ್ ವ್ಯವಸ್ಥೆ ಇಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲೇ ಅದರ ಜೀವ. ಹೀಗಾಗಿ ಪ್ರತಿಸಲ ಪೆಟ್ರೋಲ್ ಹಾಕಿಸುವಾಗಲೂ ಅಳತೆ ಗೊತ್ತಿರುವ ಒಬ್ಬ ಮನುಷ್ಯ ಅಲ್ಲಿ ನಿಂತಿರಬೇಕು. ಗಾಡಿ ತಿಂಗಳುಗಟ್ಟಲೆ ನಿಂತರೆ ಕ್ರ್ಯಾಂಕಿನ ರಬ್ಬರ್ ಸೀಲು ಒಣಗುತ್ತದೆ, ಗೇರ್‌ಬಾಕ್ಸಿನ ಆಯಿಲು ಒಳಕ್ಕೆ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ ಏಳುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ನೀರಿನ ಪಸೆಯನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಊರಿಂದೂರಿಗೆ ನೌಕರಿ ಬದಲಿಸುವವನಿಗೂ ಇಂಥ ಗಾಡಿಗೂ ಕೂಡಿಬರುವುದು ಕಷ್ಟವೆಂಬುದು ಇಲ್ಲಿಂದಲೇ ಗೊತ್ತಾಗಬೇಕು. ಗೊತ್ತಾಗಲಿಲ್ಲ. ಇಲ್ಲಿ ಮಾಲೀಕ ಎಂದಿರುವಲ್ಲೆಲ್ಲ ಈ ಬರಹಗಾರ ಎಂದೇ ಓದಿಕೊಳ್ಳಬಹುದು.

ಬೈಕು 1984ರದು, ಕೊಂಡವರು ಮಾಲೀಕನ ತಂದೆ. ಅವರು ಹಳೆ ಮೈಸೂರು ಕಡೆಯ ಒಂದು ಜಿಲ್ಲಾ ಕೇಂದ್ರದಲ್ಲಿ ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್. ಲೀಟರಿಗೆ 40 ಮಿಲಿ ಎಂಬುದು ಅವರ ಲೆಕ್ಕ. ಅದಕ್ಕೆಂದೇ ಗಾಜಿನ ಅಳತೆ ಜಾಡಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಬಂಕಿನಲ್ಲಿ ಹಿಂದೆ ನಿಂತವರು ಎಷ್ಟು ಹಾರ್ನ್ ಹೊಡೆದರೂ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಆಯಿಲಿನ ತಗ್ಗಿದ ಅಂಚು ಗೆರೆಗೆ ಕೂತಿತೇ ಎಂದು ನೋಡಿ, ಆಮೇಲೆ ಸುರಿಯುತ್ತಿದ್ದರು. ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟದ್ದುಂಟು, ಪೆಟ್ರೋಲ್ ಹಾಕಿಸಲು ಯಾರಿಗೂ ಬಿಟ್ಟದ್ದಿಲ್ಲ. ಅವರು ತೀರಿಕೊಂಡದ್ದು 2016ರ ಕೊನೆಯಲ್ಲಿ.

ಮಾಲೀಕನ ಮೊದಲ ನೌಕರಿ ಊರಲ್ಲೇ. ಎರಡನೆಯದು 2011ರಿಂದ ಬೆಂಗಳೂರಿನ ಪೀಣ್ಯದಲ್ಲಿ. ಆಗ ಬೈಕು ಊರಲ್ಲಿ ಅಪ್ಪನ ಬಳಿಯೇ ಇತ್ತು, ಶನಿವಾರ ಬಸ್ಸು ಹತ್ತಿದರೆ ಭಾನುವಾರ ಸವಾರಿ. ನೌಕರಿ, ಸಂಸಾರ, ಹವ್ಯಾಸ ಮೂರನ್ನೂ ತಾನು ಚೆನ್ನಾಗಿ ತೂಗಿಸಿಕೊಂಡು ಹೋಗುತ್ತಿದ್ದೇನೆಂದು ಮಾಲೀಕ ನಂಬಿದ್ದ ಕಾಲ ಅದು. ತೂಗಿಸುತ್ತಿದ್ದವರು ಅಪ್ಪ.

ಮೂರನೆಯ ನೌಕರಿ 2018ರಲ್ಲಿ ಪುಣೆಯ ಹತ್ತಿರದ ಚಾಕಣ್‌ನಲ್ಲಿ. ಬೈಕು ರೈಲಿನಲ್ಲಿ ಹೋಯಿತು. ರೈಲ್ವೆಯಲ್ಲಿ ಇದಕ್ಕೆ ಎರಡು ದಾರಿ: ಪ್ರಯಾಣಿಕ ಹೋಗುವ ರೈಲಿನಲ್ಲೇ ಲಗೇಜ್ ಆಗಿ ಹಾಕುವುದು, ಇಲ್ಲವೇ ಮನುಷ್ಯ ಜೊತೆಗಿಲ್ಲದೆ ಪಾರ್ಸೆಲ್ ಆಗಿ ಕಳಿಸುವುದು. ಎರಡಕ್ಕೂ ಟ್ಯಾಂಕು ಪೂರ್ತಿ ಖಾಲಿಯಾಗಿರಬೇಕು, ಆರ್‌ಸಿ ಪ್ರತಿ ಇರಬೇಕು, ಗೋಣಿ ಸುತ್ತಿರಬೇಕು. ಹುಲ್ಲು, ಗೋಣಿ, ಸುತಳಿ ಹಿಡಿದ ಪ್ಯಾಕಿಂಗಿನವರು ಸ್ಟೇಷನ್ನಿನಲ್ಲೇ ಸಿಗುತ್ತಾರೆ. ಹ್ಯಾಂಡಲ್ಲಿನ ಕನ್ನಡಿಗಳನ್ನು ಮೊದಲೇ ಬಿಚ್ಚಿಟ್ಟುಕೊಳ್ಳುವುದು ಒಳ್ಳೆಯದು. ಅಳತೆ ಜಾಡಿ ಒಡೆದೀತೆಂದು ಅದನ್ನು ಅಮ್ಮನ ಅಡುಗೆಮನೆಯ ಕಪಾಟಿನಲ್ಲಿ ಬಿಡಲಾಯಿತು.

ಗಾಡಿ ರಾಜ್ಯದ ಗಡಿ ದಾಟಿದ ದಿನದಿಂದ ಕಾಗದದ ಗಡಿಯಾರ ಓಡಲು ಶುರುವಾಗುತ್ತದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಗೆ ಅಲ್ಲಿನ ಸಂಖ್ಯೆ ಪಡೆಯಬೇಕೆನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು. ಇದರ ಜೊತೆಗೆ ನೋಂದಣಿಯ ಆಯುಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25 ತುಂಬಿ, ಗಾಡಿ ತೋರಿಸಿ, ನವೀಕರಿಸಿಕೊಳ್ಳಬೇಕು. 1999ರಿಂದ 2014ರವರೆಗಿನ ನಾಲ್ಕು ನವೀಕರಣಗಳನ್ನು ಅಪ್ಪ ಅವಧಿಗೆ ಮುನ್ನವೇ ಮುಗಿಸಿದ್ದರು. ಐದನೆಯದು ಬರುವುದಿತ್ತು 2019ರ ಆಗಸ್ಟಿನಲ್ಲಿ. ಆಗ ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು.

ಒಡೆಯ ತೀರಿಕೊಂಡರೆ 30 ದಿನದೊಳಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಎರಡೂವರೆ ವರ್ಷ ಏನೂ ಆಗಿರಲಿಲ್ಲ. ಅಪ್ಪನ ಹೆಸರು ತೆಗೆಸಲು ಮನಸ್ಸು ಬರಲಿಲ್ಲ ಎಂಬುದು ಮಾಲೀಕ ಎಲ್ಲರಿಗೂ ಹೇಳುವ ಕಾರಣ. ಸೋಮಾರಿತನ ಇನ್ನೊಂದು. ಈಗ ಗಂಟು ಹೀಗೆ ಬಿದ್ದಿತ್ತು: ಪುಣೆಯಲ್ಲಿ ನೋಂದಾಯಿಸಲು ಎನ್‌ಒಸಿ ಬೇಕು, ಎನ್‌ಒಸಿ ಕೇಳಬೇಕಾದ ಒಡೆಯರೇ ಇಲ್ಲ, ಹೆಸರು ಬದಲಾಗಲು ಅಕ್ಕನ ಒಪ್ಪಿಗೆ ಪತ್ರ ಬೇಕು, ಅಕ್ಕ ಇರುವುದು ಧಾರವಾಡದಲ್ಲಿ, ಗಾಡಿ ತೋರಿಸಬೇಕಾದದ್ದು ಊರಲ್ಲಿ.

ರೈಲಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಮಾಲೀಕ ಓಡಿಸಿಕೊಂಡೇ ಹೋಗುವುದೆಂದು ಹಟ ಹಿಡಿದ. ದಾರಿಯಲ್ಲಿ ಧಾರವಾಡದಲ್ಲಿ ಅಕ್ಕನ ಸಹಿಯೂ ಆಗುತ್ತದೆ ಎಂಬುದು ಹೊರಗೆ ಹೇಳಿದ ಕಾರಣ. ತಪಾಸಣೆಗೆ ಆರಿಸಿಕೊಂಡ ದಿನ 2019ರ ಜುಲೈ 15, ಸೋಮವಾರ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ, ಹಳೆಯ ಗಾಡಿಗಳೆಲ್ಲ ಒಂದೆಡೆ ಸೇರುವ ಹಬ್ಬ. ಆ ವರ್ಷ ಅದು ಬಿದ್ದದ್ದು 14ಕ್ಕೆ. ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡಿ ಏನೂ ಹೇಳಲಿಲ್ಲ. ಆರು ವರ್ಷದ ಮಗಳಿಗೆ ಆ ವಾರ ಜ್ವರವಿತ್ತು.

ಶುಕ್ರವಾರ ಬೆಳಗಿನ ಜಾವ ಪುಣೆ ಬಿಟ್ಟು, ಘಟ್ಟದಲ್ಲಿ ನೆನೆದು, ಕೊಲ್ಲಾಪುರ, ಬೆಳಗಾವಿ ದಾಟಿ, ಸಂಜೆ ಧಾರವಾಡ. ಒಪ್ಪಿಗೆ ಪತ್ರಕ್ಕೆ ಸಹಿ ಬಿತ್ತು, ಊಟವಾಯಿತು. ಶನಿವಾರ ಬೆಳಗ್ಗೆ ಮಾಲೀಕ ಸ್ನಾನಕ್ಕೆ ಹೋಗಿದ್ದಾಗ ಭಾವ ಪ್ರೀತಿಯಿಂದ ಗಾಡಿ ತೆಗೆದುಕೊಂಡು ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬಂದರು. ಹೊರಡುವಾಗ ಅವರು ಹೇಳಿದ್ದು ಇಷ್ಟು: “ಬರೋಬ್ಬರಿ ಒಂಬತ್ತು ಲೀಟರ್ ಹಾಕ್ಸೇನಿ. ದಾರ್ಯಾಗ ಎಲ್ಲೂ ನಿಂದರಬ್ಯಾಡ.”

ಟ್ಯಾಂಕಿನಲ್ಲಿ ಹಿಂದಿನ ದಿನದ ಮಿಶ್ರಣ ಸುಮಾರು 3 ಲೀಟರ್ ಉಳಿದಿತ್ತು, ಅದರಲ್ಲಿ ಆಯಿಲು 120 ಮಿಲಿ. ಅದಕ್ಕೆ 9 ಲೀಟರ್ ಬರಿ ಪೆಟ್ರೋಲ್ ಸೇರಿದಾಗ ಲೀಟರಿಗೆ 40 ಇದ್ದದ್ದು 10ಕ್ಕೆ ಇಳಿಯಿತು. ಹುಬ್ಬಳ್ಳಿ ದಾಟುವಾಗ ಹಿಂದೆ ಹೊಗೆ ಕಾಣದಷ್ಟು ಕಡಿಮೆಯಾಗಿತ್ತು, ಗಾಡಿ ಹಗುರವಾಗಿ ಹಾರುತ್ತಿತ್ತು. ಪಿಸ್ಟನ್ನಿಗೆ ಹಾಕಿಸಿದ ಹೊಸ ರಿಂಗುಗಳು ಚೆನ್ನಾಗಿ ಕೂತುಕೊಂಡವು ಎಂದು ಮಾಲೀಕ ಹಿಗ್ಗಿದ. ಶಿಗ್ಗಾಂವಿ ಕಳೆಯಿತು. ಬಂಕಾಪುರ ದಾಟಿದ ಮೇಲೆ ಟ್ಯಾಂಕಿನ ಕೆಳಗಿನಿಂದ ಸಣ್ಣಗೆ ಕಿಣಿಕಿಣಿ ಸದ್ದು ಕೇಳಿಸಿತು, ಚಮಚದಿಂದ ಸ್ಟೀಲ್ ಲೋಟಕ್ಕೆ ತಟ್ಟಿದ ಹಾಗೆ. ಟೂ ಸ್ಟ್ರೋಕ್ ಬಲ್ಲವರು ಆ ಸದ್ದಿಗೆ ಅಲ್ಲೇ ಎಕ್ಸಲರೇಟರ್ ಬಿಡಬೇಕು. ಮಾಲೀಕ ಅದನ್ನು ಚೈನ್ ಕವರಿನ ಸದ್ದು ಎಂದುಕೊಂಡ. ಇನ್ನೊಂದು ಕಿಲೋಮೀಟರಿಗೆ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ವೇಗ ಇಳಿಯಿತು. ಎಕ್ಸಲರೇಟರ್ ತಿರುವಿದಷ್ಟೂ ಇಳಿಯಿತು. ಆಮೇಲೆ ಹಿಂದಿನ ಚಕ್ರ ಒಮ್ಮೆಗೇ ನಿಂತುಬಿಟ್ಟಿತು, ಒದ್ದೆ ಡಾಂಬರಿನ ಮೇಲೆ ಟೈರು ಕಿರುಚಿತು, ಗಾಡಿಯ ಬಾಲ ಎಡಕ್ಕೆ ತಿರುಗಿತು. ಕ್ಲಚ್ ಒತ್ತಿದ್ದು ಬುದ್ಧಿಯಲ್ಲ, ಬೆರಳು. ಚಕ್ರ ಬಿಟ್ಟುಕೊಂಡಿತು. ಬಲಗಡೆ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಮೈಗೆ ಕೆಸರು ಎರಚಿ ಹೋಯಿತು. ಗಾಡಿ ಸದ್ದಿಲ್ಲದೆ ಉರುಳಿ ರಸ್ತೆಯ ಅಂಚಿನ ಜಲ್ಲಿಯ ಮೇಲೆ ನಿಂತಿತು.

ಸುಟ್ಟ ಬಾಣಲೆಯ ವಾಸನೆ. ಕಿಕ್ಕರ್ ಮೇಲೆ ಮೈಭಾರ ಬಿಟ್ಟು ನಿಂತರೂ ಕದಲಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟಾಗ ಬರಿ ಪೆಟ್ರೋಲ್, ಆಯಿಲಿನ ಜಿಡ್ಡು ವಾಸನೆ ಇಲ್ಲ. ಬೆರಳದ್ದಿ ಉಜ್ಜಿದರೆ ನೀರಿನಂತೆ ಆರಿಹೋಯಿತು. ಫೋನಿನಲ್ಲಿ ಭಾವನಿಗೆ ನಿಜವಾಗಿಯೂ ಆಶ್ಚರ್ಯ: “ಎಣ್ಣಿ ಹಾಕಬೇಕಿತ್ತೇನು? ನಮ್ಮ ಗಾಡಿಗೆ ಹಾಕಂಗಿಲ್ಲಲ್ಲ.” ಎರಡೂವರೆ ದಶಕ ಅವರು ಆ ಬೈಕನ್ನು ನೋಡಿದವರು, ಮಾವನವರು ಜಾಡಿ ಎತ್ತಿ ಹಿಡಿದದ್ದನ್ನೂ ನೋಡಿದವರು. ಇದನ್ನು ಇಲ್ಲಿ ಬರೆಯದೆ ಬಿಡಲಾಗುವುದಿಲ್ಲ. ಬಂಕಾಪುರದ ಕೋಟೆ ನವಿಲುಧಾಮಕ್ಕೆ ಹೆಸರಾದದ್ದು. ಮಳೆಯ ಮೋಡಕ್ಕೆ ನವಿಲುಗಳು ಎಲ್ಲಾದರೂ ಕುಣಿಯುತ್ತಿದ್ದಿರಬಹುದು.

ಗೂಡ್ಸ್ ಗಾಡಿಯೊಂದು ಬೈಕನ್ನು ಹಾವೇರಿಗೆ ಮುಟ್ಟಿಸಿತು. ಮೆಕ್ಯಾನಿಕ್ ಹೆಡ್ಡನ್ನೂ ಸಿಲಿಂಡರನ್ನೂ ಬಿಚ್ಚಿ ತೋರಿಸಿದ: ಪಿಸ್ಟನ್ನಿನ ಒಂದು ಪಕ್ಕ ಉದ್ದಕ್ಕೂ ಕೆರೆದುಹೋಗಿತ್ತು, ರಿಂಗು ಕರಗಿದ ಅಲ್ಯೂಮಿನಿಯಂ ಅಡಿ ಹೂತಿತ್ತು. ಬೋರ್ ಮಾಡಿಸಿ ಮುಂದಿನ ಅಳತೆಯ ಪಿಸ್ಟನ್ ಹಾಕದೆ ದಾರಿ ಇರಲಿಲ್ಲ. ಭಾನುವಾರದ ಹಬ್ಬ ಹೋಯಿತು, ಸೋಮವಾರದ ತಪಾಸಣೆ ಹೋಯಿತು, ಎರಡು ದಿನದ ರಜೆ ಐದಾಯಿತು. ರಾತ್ರಿ ಫೋನಿನಲ್ಲಿ ಹೆಂಡತಿ ಮಗಳ ಜ್ವರ ಇಳಿದದ್ದನ್ನು ಹೇಳಿ, ಆಮೇಲೆ ಕೇಳಿದಳು: “ಮಾವ ಇದ್ದಿದ್ರೆ ಬೇರೆಯವರ ಕೈಲಿ ಪೆಟ್ರೋಲ್ ಹಾಕಿಸ್ತಿದ್ರಾ?” ಭಾವನ ಮೇಲಿನ ಸಿಟ್ಟಿಗೆ ಆ ಪ್ರಶ್ನೆ ಇಂದಿಗೂ ಅಡ್ಡ ನಿಂತಿದೆ.

ರಿಪೇರಿಯಾದ ಬೈಕು ಲಾರಿಯಲ್ಲಿ ಊರು ಸೇರಿದ್ದು ಆಗಸ್ಟಿನಲ್ಲಿ. ಕಚೇರಿಯಲ್ಲಿ ಇನ್ನೊಂದು ಕಾದಿತ್ತು. ಕೈಬರಹದ ಹಳೆಯ ಆರ್‌ಸಿ ಪುಸ್ತಕ, ಕೆಎ ಬರುವ ಮೊದಲಿನ ‘ಸಿ’ ಅಕ್ಷರದ ಸಂಖ್ಯೆ. ಇವು ಕಚೇರಿಯ ‘ವಾಹನ್’ ಕಂಪ್ಯೂಟರಿನಲ್ಲಿ ಇರಲಿಲ್ಲ. ಬ್ಯಾಕ್‌ಲಾಗ್ ಎಂದು ಎಲ್ಲವನ್ನೂ ಹೊಸದಾಗಿ ಸೇರಿಸಬೇಕು, ಅದಕ್ಕೆ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಬೇಕು. ಮೂರು ಪದರ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ಕಾಗದ ಇಟ್ಟು ಪೆನ್ಸಿಲ್ ಆಡಿಸಿದಾಗ ಅಂಕಿಗಳು ಒಂದೊಂದಾಗಿ ಎದ್ದವು. ಅಷ್ಟು ಕಷ್ಟಪಟ್ಟು ಎಬ್ಬಿಸಿದ 8ನ್ನು ಗುಮಾಸ್ತ 3 ಎಂದು ಟೈಪು ಮಾಡಿದ. ತಿದ್ದಿಸಲು ಪುಣೆಯಿಂದ ಮತ್ತೆರಡು ಸಲ ಬರಬೇಕಾಯಿತು. ತಪ್ಪು ತನ್ನದೆಂದು ಆತ ಒಪ್ಪಲಿಲ್ಲ, ಪ್ರಿಂಟ್ ಮಸುಕಾಗಿತ್ತಂತೆ. ಇಂಥ ಕಡೆ ಪರದೆಯ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಓದಿಸಿ ಕೇಳದೆ ಕಿಟಕಿ ಬಿಡಬಾರದು. ವಿಮೆಯನ್ನೂ ಇದರ ಜೊತೆಗೇ ನೋಡಿಕೊಳ್ಳಬೇಕು: ಒಡೆಯ ತೀರಿಕೊಂಡ ಮೇಲೆ ಅವರ ಪಾಲಿಸಿ ನಡೆಯುವುದು ಮೂರು ತಿಂಗಳು, ಇಲ್ಲವೇ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅದು.

ಬೈಕು ಮತ್ತೆ ಪುಣೆಗೆ ಹೋಗಲಿಲ್ಲ, ಅಮ್ಮನ ಮನೆಯ ಜಗುಲಿಯ ಪಕ್ಕ ಮೂರು ವರ್ಷ ನಿಂತಿತು. ನಿಲ್ಲಿಸುವ ಕ್ರಮ ಸರಳ. ಟ್ಯಾಂಕು ಮತ್ತು ಕಾರ್ಬುರೇಟರ್ ಖಾಲಿ ಮಾಡುವುದು, ಬ್ಯಾಟರಿ ಬಿಚ್ಚುವುದು, ಪ್ಲಗ್ ತೆಗೆದು ತೂತಿನೊಳಗೆ ಎರಡು ಚಮಚ 2ಟಿ ಆಯಿಲ್ ಬಿಟ್ಟು ಕಿಕ್ಕರನ್ನು ಮೆಲ್ಲಗೆ ನಾಲ್ಕು ಸಲ ತುಳಿಯುವುದು. ಮಾಲೀಕ ಕಾರ್ಬುರೇಟರ್ ಒಂದನ್ನು ಮರೆತ. 2020ರಲ್ಲಿ ಲಾಕ್‌ಡೌನ್ ಬಂದು ಊರಿಗೆ ಹೋಗುವಂತಿರಲಿಲ್ಲ. ಆಯುಧಪೂಜೆಗೆ ಅಮ್ಮ ಗಾಡಿಗೆ ಕುಂಕುಮ, ಸೇವಂತಿಗೆ ಹಾರ ಹಾಕಿ ಫೋಟೋ ಕಳಿಸುತ್ತಿದ್ದರು. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. 2022ರಲ್ಲಿ ನೋಡಿದಾಗ ಸೀಟಿನಡಿ ಇಲಿ ಸಂಸಾರ ಹೂಡಿತ್ತು, ವೈರು ಕಡಿದಿತ್ತು, ಸೀಲು ಎರಡೂ ಒಣಗಿದ್ದವು.

ಈ ನಡುವೆ ಗುರುಗ್ರಾಮದಿಂದ ಒಂದು ಒಳ್ಳೆಯ ನೌಕರಿಯ ಕರೆ ಬಂದಿತ್ತು. ಮಗಳ ಶಾಲೆಗಾಗಿ ಬೇಡವೆಂದೆ ಎನ್ನುತ್ತಾನೆ ಮಾಲೀಕ. ದೆಹಲಿ ಸುತ್ತಲಿನ ಪ್ರದೇಶದಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂಬ ಹಸಿರು ನ್ಯಾಯಮಂಡಳಿಯ 2015ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದದ್ದು ಹೆಂಡತಿಗೂ ಗೊತ್ತು.

ನಾಲ್ಕನೆಯ ನೌಕರಿ 2022ರಿಂದ ಹೊಸೂರಿನಲ್ಲಿ, ಮನೆ ಅತ್ತಿಬೆಲೆಯ ಈಚೆ. ಗಡಿ ದಾಟಿ ಕಂಪನಿ ಬಸ್ಸು ಹೋಗುತ್ತದೆ, ಬೈಕು ಕರ್ನಾಟಕದಲ್ಲೇ ಉಳಿಯುತ್ತದೆ, ಎನ್‌ಒಸಿಯ ಮಾತಿಲ್ಲ. ಸವಾರಿ ಭಾನುವಾರ ಬೆಳಗ್ಗೆ ಆರರಿಂದ ಎಂಟೂವರೆ. ತಿಂಡಿಯ ಹೊತ್ತಿಗೆ ವಾಪಸು. ಇದು ಹೆಂಡತಿಯೊಂದಿಗೆ ಆದ ಒಪ್ಪಂದ, ತಿಂಗಳಿಗೆ ಒಂದೆರಡು ಸಲ ಮುರಿಯುತ್ತದೆ. ಅಳತೆ ಜಾಡಿ ಅಮ್ಮನ ಕಪಾಟಿನಿಂದ ಬಂದಿದೆ, ಗೆರೆ ನೋಡುವ ಕೆಲಸ ಮಗಳದು.

2024ರ ನವೀಕರಣಕ್ಕೆ ಶುಲ್ಕ 1,000 ರೂಪಾಯಿ ಆಗಿತ್ತು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಬೈಕುಗಳಿಗೆ ಅದು 2,000 ಆಗಿದೆ, ಹಾಗಾಗಿ 2029ಕ್ಕೆ ಅಷ್ಟು ತೆಗೆದಿಡಬೇಕು. 2034ರಲ್ಲಿ ಗಾಡಿಗೆ 50 ತುಂಬಿದ ಮೇಲೆ 2021ರ ನಿಯಮದಂತೆ 20,000 ರೂಪಾಯಿ ಕಟ್ಟಿ ‘ವಿಎ’ ಅಕ್ಷರದ ವಿಂಟೇಜ್ ಸಂಖ್ಯೆ ಪಡೆಯಬಹುದು. ಆದರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆರ್‌ಸಿಯಲ್ಲಿ ನಾಮಿನಿ ಹೆಸರಿಸುವ ಅವಕಾಶವೂ 2021ರಲ್ಲೇ ಬಂತು. ಈ ಬೈಕಿಗೆ ನಾಮಿನಿ ಹೆಂಡತಿ. ತನ್ನ ಕೈಗೆ ಬಂದ ವಾರವೇ ಮಾರುತ್ತೇನೆ ಎಂದಿದ್ದಾಳೆ. ಅದಕ್ಕೆ ಬೇಕಾದದ್ದು ಫಾರಂ 29 ಮತ್ತು 30.